ನದಿ ದಾಟುವ ಹಿಂಡು: ಮಸಾಯಿ ಮಾರಾಕ್ಕೆ ಹೊರಟ ಕಲಬುರಗಿ ಸೀಮೆಯ ಕ್ಯಾಮೆರಾದವರಿಗೆ

ಕೀನ್ಯಾದ ಮಸಾಯಿ ಮಾರಾಕ್ಕೆ, ಹಿಂಡುಗಳು ವಲಸೆಯಲ್ಲಿ ನದಿ ದಾಟುವುದನ್ನು ತೆಗೆಯಲು ಹೋಗಿ ಬಂದವರ ಹಾರ್ಡ್‌ಡಿಸ್ಕ್ ತೆರೆದರೆ ಒಂದೇ ಬಗೆಯ ಸೋತ ಚಿತ್ರ ನೂರಾರು ಸಿಗುತ್ತವೆ. ಸಾವಿರ ವಿಲ್ಡೆಬೀಸ್ಟ್ (ದನದಂತೆ ಕಾಣುವ ಆಫ್ರಿಕಾದ ದೊಡ್ಡ ಹುಲ್ಲೆ), ಎಲ್ಲವೂ ಬೆನ್ನು, ಎಲ್ಲವೂ ಬಾಲ, ನದಿ ಎಲ್ಲೋ ಒಂದು ಮೂಲೆಯಲ್ಲಿ. ಲೆನ್ಸ್ ದುಬಾರಿಯದೇ, ಫೋಕಸ್ ಕೂಡ ಸರಿಯೇ. ನಿಂತ ಜಾಗ ತಪ್ಪು.

ಕಬಿನಿ, ತಡೋಬಾಗಳಲ್ಲಿ ಹುಲಿ ತೆಗೆದು ಪಳಗಿದವರಿಗೇ ಈ ತಪ್ಪು ಹೆಚ್ಚು. ಅಲ್ಲಿ ಪ್ರಾಣಿ ಒಂದು. ಅದು ಕಂಡ ಮೇಲೆ ಕೆಲಸ ಶುರು. ಇಲ್ಲಿ ಪ್ರಾಣಿ ಕಾಣುವುದೇನೂ ದೊಡ್ಡದಲ್ಲ, ಜೀಪಿನ ನಾಲ್ಕೂ ಕಡೆ ಅದೇ ತುಂಬಿರುತ್ತದೆ. ಹಿಂಡು ಎಲ್ಲಿ ಇಳಿದು ಎಲ್ಲಿ ಹತ್ತುತ್ತದೆ ಎಂದು ಮುಂಚೆಯೇ ಓದಿ, ಸೂರ್ಯನನ್ನು ನೋಡಿಕೊಂಡು, ಅಲ್ಲಿ ಹೋಗಿ ಸುಮ್ಮನೆ ಕೂರುವುದೇ ಕೆಲಸದ ಮುಕ್ಕಾಲು ಪಾಲು. ಇದನ್ನು ಕಲಿಯಲು ಕೀನ್ಯಾ ಬೇಕಿಲ್ಲ. ಸಂಜೆ ಹೊಲದ ದಾರಿಯಲ್ಲಿ ಮನೆಗೆ ಮರಳುವ ಕುರಿ ಹಿಂಡು ಸಾಕು. ಆ ಪಾಠ ಮುಂದೆ ಬರುತ್ತದೆ.

ಯಾವಾಗ, ಎಲ್ಲಿಗೆ

ವಲಸೆ ಎಂದರೆ ಒಂದು ತಾರೀಖಿನ ಜಾತ್ರೆಯಲ್ಲ. ತಾಂಜಾನಿಯಾದ ಸೆರೆಂಗೆಟಿ ಮತ್ತು ಕೀನ್ಯಾದ ಮಸಾಯಿ ಮಾರಾ ಸೇರಿದ ಬಯಲಿನಲ್ಲಿ ಮಳೆ ಬಿದ್ದು ಹುಲ್ಲು ಚಿಗುರಿದ ಕಡೆಗೆ ಹಿಂಡುಗಳು ವರ್ಷವಿಡೀ ಸುತ್ತುತ್ತಲೇ ಇರುತ್ತವೆ. ವಿಲ್ಡೆಬೀಸ್ಟ್‌ಗಳದು ಸುಮಾರು 13 ಲಕ್ಷ ಎಂಬುದು ಬಹುಕಾಲದಿಂದ ಬಂದ ಲೆಕ್ಕ. ಜೊತೆಗೆ ಲಕ್ಷಗಟ್ಟಲೆ ಜೀಬ್ರಾ, ಗೆಜೆಲ್. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ದಕ್ಷಿಣದ ಎನ್ದುಟು ಬಯಲಿನಲ್ಲಿ ಕರು ಹಾಕುವ ಕಾಲ. ಏಪ್ರಿಲ್, ಮೇ ದೊಡ್ಡ ಮಳೆ. ಹಿಂಡು ಪಶ್ಚಿಮಕ್ಕೂ ಉತ್ತರಕ್ಕೂ ಸರಿಯುತ್ತದೆ. ಮೇ ಕೊನೆ, ಜೂನ್ ಹೊತ್ತಿಗೆ ಗ್ರುಮೆಟಿ ನದಿ. ಜುಲೈನಿಂದ ಅಕ್ಟೋಬರ್‌ವರೆಗೆ ಮಾರಾ ನದಿಯ ಎರಡೂ ದಡ, ಅಂದರೆ ತಾಂಜಾನಿಯಾ ಕಡೆ ಕೊಗಾಟೆಂಡೆ, ಕೀನ್ಯಾ ಕಡೆ ಮಸಾಯಿ ಮಾರಾ. ನವೆಂಬರ್‌ನ ಸಣ್ಣ ಮಳೆಗೆ ಮತ್ತೆ ದಕ್ಷಿಣದ ಹಾದಿ. ಮಳೆ ಹಿಂದೆ ಮುಂದೆ ಆದರೆ ಈ ಪಟ್ಟಿ ಎರಡು ವಾರ ಜರುಗುತ್ತದೆ. ನಮ್ಮ ಕಡೆ ಮುಂಗಾರು ನಂಬಿ ತೊಗರಿ ಬಿತ್ತುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನದಿ ದಾಟುವ ಚಿತ್ರ ಬೇಕಾದರೆ ಆಗಸ್ಟ್, ಸೆಪ್ಟೆಂಬರ್. ಶಾಲೆ, ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ದಸರಾ ರಜೆ ಬಿಟ್ಟರೆ ಬೇರೆ ದಾರಿ ಇರುವುದಿಲ್ಲ. ಅಕ್ಟೋಬರ್ ಮೊದಲ ಭಾಗದಲ್ಲೂ ಮಾರಾದಲ್ಲಿ ಹಿಂಡುಗಳಿರುತ್ತವೆ, ಆದರೆ ದಾಟುವುದು ವಿರಳವಾಗಬಹುದು. ಎಷ್ಟು ದಿನ? ನದಿಯ ಹತ್ತಿರ ನಾಲ್ಕು ರಾತ್ರಿಗಿಂತ ಕಡಿಮೆ ಇಟ್ಟುಕೊಂಡು ಹೋಗುವುದು ಲಾಟರಿ. ಆರು ರಾತ್ರಿ ಇದ್ದರೆ ಸಮಾಧಾನವಾಗಿ ಕೆಲಸ ಮಾಡಬಹುದು. ಅದೇ ದುಡ್ಡಿನಲ್ಲಿ ಮೂರು ಪಾರ್ಕ್ ತೋರಿಸುತ್ತೇವೆ ಎನ್ನುವ ಪ್ಯಾಕೇಜುಗಳು ನೋಡುವವರಿಗೆ ಚೆಂದ, ತೆಗೆಯುವವರಿಗಲ್ಲ.

ತಂಗುವ ಜಾಗದ ಬಗ್ಗೆ ಒಂದು ಮಾತು. ಮಾರಾ ಮೀಸಲು ಪ್ರದೇಶದ ಹೊರಗೆ ತಂಗಿದವರಿಗೆ ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ. ಸೂರ್ಯ ಮುಳುಗುವುದು ಆರೂವರೆಯ ಮೇಲೆ. ಅಂದರೆ ದಿನದ ಅತ್ಯುತ್ತಮ ಅರ್ಧ ಗಂಟೆಯ ಬೆಳಕಿನಲ್ಲಿ ನೀವು ಗೇಟಿನ ಕಡೆ ಓಡುತ್ತಿರುತ್ತೀರಿ. ವಿದೇಶಿಯರಿಗೆ ಜುಲೈನಿಂದ ಡಿಸೆಂಬರ್‌ವರೆಗೆ ದಿನಕ್ಕೆ 200 ಡಾಲರ್ ಪ್ರವೇಶ ಶುಲ್ಕ ಬೇರೆ. ಇಷ್ಟು ಕೊಟ್ಟ ಮೇಲೆ ಮೀಸಲಿನ ಒಳಗಿನ ಕ್ಯಾಂಪೋ, ಅದಕ್ಕೆ ಅಂಟಿಕೊಂಡ ಸಮುದಾಯ ಕನ್ಸರ್ವೆನ್ಸಿಯ (ಊರವರ ಜಮೀನಿನಲ್ಲಿರುವ ವನ್ಯಜೀವಿ ಪ್ರದೇಶದ) ಕ್ಯಾಂಪೋ ಹಿಡಿಯುವುದು ಲೆಕ್ಕಕ್ಕೆ ಸರಿ. ಶುಲ್ಕ, ಸಮಯ ಆಗಾಗ ಬದಲಾಗುತ್ತವೆ. ಬುಕ್ ಮಾಡುವ ದಿನ ಮತ್ತೊಮ್ಮೆ ಕೇಳಿಕೊಳ್ಳಿ.

ಕಾಗದಪತ್ರ, ಸಾಮಾನಿನ ತೂಕ

ಕೀನ್ಯಾದಿಂದ ಮರಳುವವರಿಗೆ ಹಳದಿ ಜ್ವರದ ಲಸಿಕೆಯ ಕಾರ್ಡನ್ನು ಭಾರತದಲ್ಲಿಯೇ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ 10 ದಿನದ ನಂತರವೇ ಕಾರ್ಡಿಗೆ ಬೆಲೆ. ಎಲ್ಲ ಆಸ್ಪತ್ರೆಯಲ್ಲೂ ಇದು ಸಿಗುವುದಿಲ್ಲ, ಹೈದರಾಬಾದ್, ಬೆಂಗಳೂರು, ಮುಂಬೈಗಳ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮೊದಲೇ ದಿನ ಗೊತ್ತುಮಾಡಿಕೊಳ್ಳಬೇಕು. ಒಂದು ಸಲ ಹಾಕಿಸಿದರೆ ಜೀವಮಾನಕ್ಕೆ ಸಾಕು. ಮಲೇರಿಯಾ ಮಾತ್ರೆಯ ಬಗ್ಗೆ ಅದೇ ದಿನ ವೈದ್ಯರನ್ನು ಕೇಳಿ. ಕೀನ್ಯಾಕ್ಕೆ 2024ರ ಜನವರಿಯಿಂದ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಪತ್ರ ಇದೆ.

ದುಬಾರಿ ಲೆನ್ಸ್ ಇದ್ದರೆ ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಸೀರಿಯಲ್ ನಂಬರ್ ಬರೆಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಮರಳುವಾಗ "ಇದು ಅಲ್ಲಿ ಕೊಂಡದ್ದಲ್ಲವೆ?" ಎಂಬ ಪ್ರಶ್ನೆಗೆ ಅದೊಂದೇ ಉತ್ತರ. ಕಲಬುರಗಿಯಿಂದ ಮುಂಬೈಗೆ ರಾತ್ರಿ ರೈಲು ಹಿಡಿಯುವವರು ಇದಕ್ಕೆ ಒಂದು ಗಂಟೆ ಹೆಚ್ಚೇ ಇಟ್ಟುಕೊಳ್ಳಿ.

ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಾರಾಕ್ಕೆ ಹಾರುವ ಪುಟ್ಟ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಮಿತಿ, ಕ್ಯಾಮೆರಾ ಬ್ಯಾಗ್ ಸೇರಿ. ಗಟ್ಟಿ ಸೂಟ್‌ಕೇಸ್ ನಡೆಯುವುದಿಲ್ಲ, ಮೆತ್ತನೆಯ ಬ್ಯಾಗೇ ಬೇಕು. 150-600ರಂಥ ಲೆನ್ಸ್, ಎರಡು ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ), ಲ್ಯಾಪ್‌ಟಾಪ್ ಸೇರಿದರೆ ಆರೇಳು ಕಿಲೋ ಅಲ್ಲೇ ಮುಗಿಯಿತು. ಹೆಚ್ಚು ಸಾಮಾನು ಇದ್ದವರು ನಾರೋಕ್ ಮೇಲೆ ರಸ್ತೆಯಲ್ಲಿ ಹೋಗಲಿ. ಐದಾರು ಗಂಟೆ, ಕೊನೆಯ ಭಾಗ ಕುಲುಕುತ್ತದೆ.

ಮನೆಯಲ್ಲಿ ಬಿಡಬೇಕಾದ್ದು ಮೂರು. ಡ್ರೋನ್: ಪಾರ್ಕಿನಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಪ್ಲಾಸ್ಟಿಕ್ ಕೈಚೀಲ: ಕೀನ್ಯಾದಲ್ಲಿ 2017ರಿಂದ ನಿಷೇಧ. ಮೂರನೆಯದು ನಮ್ಮ ಪಕ್ಷಿ ತೆಗೆಯುವವರಿಗೆ ಬಲು ಪ್ರೀತಿಯ ಮಿಲಿಟರಿ ಚುಕ್ಕೆಯ ಅಂಗಿ. ಅಲ್ಲಿ ಅದು ಸೈನಿಕರಿಗೆ ಮಾತ್ರ. ಖಾಕಿ, ಮಣ್ಣಿನ ಬಣ್ಣ ಸಾಕು. ಬೆಳಗಿನ ಜಾವಕ್ಕೆ ಸ್ವೆಟರ್ ಮರೆಯಬೇಡಿ. ಮಾರಾ ಸಮುದ್ರಮಟ್ಟದಿಂದ 1500 ಮೀಟರ್ ಮೇಲಿದೆ. ಆಫ್ರಿಕಾ ಎಂದರೆ ನಮ್ಮ ಮೇ ತಿಂಗಳ ಬಿಸಿಲು ಎಂದುಕೊಂಡು ಹೋದವರು ತೆರೆದ ಜೀಪಿನಲ್ಲಿ ನಡುಗುತ್ತ ಕೂರುತ್ತಾರೆ.

ಯಾವ ಲೆನ್ಸ್: ಲೆಕ್ಕ ಹಾಕಿ ನೋಡಿ

ಇಲ್ಲಿ ಅಳತೆ ಬಿಟ್ಟು ಬೇರೆ ಮಾತು ಬೇಡ. ಫುಲ್‌ಫ್ರೇಮ್ (36 ಎಂಎಂ ಅಗಲದ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 100 ಮೀಟರ್ ದೂರದ ದೃಶ್ಯ 100 ಎಂಎಂ ಲೆನ್ಸಿನಲ್ಲಿ 36 ಮೀಟರ್ ಅಗಲ ಕಾಣುತ್ತದೆ, 400 ಎಂಎಂನಲ್ಲಿ 9 ಮೀಟರ್, 600ರಲ್ಲಿ 6 ಮೀಟರ್. ಒಂದು ವಿಲ್ಡೆಬೀಸ್ಟ್ ಉದ್ದ ಎರಡು ಮೀಟರಿನ ಆಸುಪಾಸು. ಅಂದರೆ 600ರಲ್ಲಿ ಎರಡು ಮೂರು ಪ್ರಾಣಿ, ಅಷ್ಟೇ. ನದಿಯೂ ಇಲ್ಲ, ಹಿಂಡೂ ಇಲ್ಲ. ಎದುರು ದಡದಿಂದ ದಾಟುವಿಕೆ ತೆಗೆಯಲು 100-400 ಅಥವಾ 100-500 ಜೂಮ್‌ಗಿಂತ ಸರಿಯಾದ್ದಿಲ್ಲ. ಎರಡನೆಯ ಬಾಡಿಗೆ 24-105. ಒಂದೇ ಬಾಡಿ ಇದ್ದರೆ ಲೆನ್ಸ್ ಬದಲಿಸುವ ಯೋಚನೆ ಬಿಟ್ಟು, ಅಗಲದ ಚಿತ್ರವನ್ನು ಫೋನಿನಲ್ಲಿ ತೆಗೆಯಿರಿ. ಆ ಧೂಳಿನಲ್ಲಿ ಸೆನ್ಸರ್ ತೆರೆದವರು ಊರಿಗೆ ಬಂದು ಪ್ರತಿ ಚಿತ್ರದ ಆಕಾಶದಲ್ಲೂ ಚುಕ್ಕೆ ಒರೆಸುತ್ತಾರೆ.

ಆಳದ ಲೆಕ್ಕವೂ ಗೊತ್ತಿರಲಿ. 400 ಎಂಎಂ, 100 ಮೀಟರ್ ದೂರ: ಎಫ್ 5.6ರಲ್ಲಿ (ಇದು ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯ ಅಳತೆ; ಅಂಕಿ ಹೆಚ್ಚಾದಷ್ಟು ಕಿಂಡಿ ಕಿರಿದು) ಚೊಕ್ಕ ಕಾಣುವ ಆಳ ಸುಮಾರು 20 ಮೀಟರ್, ಎಫ್ 8ರಲ್ಲಿ 30. ಅದೇ ಜಾಗದಲ್ಲಿ 200 ಎಂಎಂಗೆ ಇಳಿಸಿದರೆ ಎಫ್ 5.6ರಲ್ಲಿಯೇ 100 ಮೀಟರ್ ಆಳ ಸಿಗುತ್ತದೆ. ಹಾಗಾಗಿ ಜೂಮ್ 400ರ ಕಡೆಗೆ ಎಳೆದಾಗ ಅಪರ್ಚರ್ ಮುಚ್ಚಿ, 200ರ ಕಡೆಗೆ ಇಳಿಸಿದಾಗ ತೆರೆದು ಆ ಬೆಳಕನ್ನು ಶಟರ್ ವೇಗಕ್ಕೆ ಕೊಡಿ.

ಜೀಪಿನಲ್ಲಿ ಟ್ರೈಪಾಡ್‌ಗೆ ಜಾಗವಿಲ್ಲ, ಮೊನೊಪಾಡ್ ಪಕ್ಕದವರ ಕಾಲು ಮೆಟ್ಟುತ್ತದೆ. ಬೇಕಾದ್ದು ಬೀನ್‌ಬ್ಯಾಗ್. ಕೊಳ್ಳಬೇಕಿಲ್ಲ; ಬಜಾರಿನ ಯಾವ ದರ್ಜಿಯಾದರೂ ಹೊಲಿದು ಕೊಡುತ್ತಾನೆ. ದಪ್ಪ ಕ್ಯಾನ್ವಾಸ್ ಅಥವಾ ಹಳೆಯ ಜೀನ್ಸ್ ಬಟ್ಟೆ, 30 ಸೆಂಟಿಮೀಟರ್ ಉದ್ದ, 20 ಅಗಲದ ಎರಡು ಚೀಲ, ನಡುವೆ 8 ಸೆಂಟಿಮೀಟರ್ ಪಟ್ಟಿ ಹೊಲಿದು ಜೋಡಿಸಿದರೆ ಕಿಟಕಿಯ ಅಂಚಿನ ಆಚೆ ಈಚೆ ಇಳಿಬಿಟ್ಟು ಕೂರಿಸಬಹುದು. ಹೊಲಿಗೆ ಎರಡೆಳೆ, ಬಾಯಿಗೆ ಝಿಪ್, ಝಿಪ್ಪಿನ ಮೇಲೆ ಮುಚ್ಚುವ ಪಟ್ಟಿ. ಮುಕ್ಕಾಲು ಭಾಗವಷ್ಟೇ ತುಂಬಬೇಕು, ಎರಡೂ ಚೀಲ ಸೇರಿ ಎರಡೂವರೆ ಕಿಲೋ ಹತ್ತಿರ. ಗಿಚ್ಚೆಂದು ತುಂಬಿದರೆ ಲೆನ್ಸ್ ಮೇಲೆ ಉರುಳುತ್ತದೆ, ಒಳಗೆ ಕೂರುವುದಿಲ್ಲ. ಊರಲ್ಲಿ ಅಭ್ಯಾಸಕ್ಕೆ ತೊಗರಿ ಕಾಳು, ಜೋಳ ಯಾವುದಾದರೂ ನಡೆಯುತ್ತದೆ. ನುಚ್ಚಾದ ಬೇಳೆ ಬೇಡ, ಅದರ ಹಿಟ್ಟು ಹೊಲಿಗೆಯಿಂದ ಸೋರಿ ಲೆನ್ಸಿನ ಉಂಗುರಕ್ಕೆ ಸೇರುತ್ತದೆ. ವಿಮಾನದಲ್ಲಿ ಮಾತ್ರ ಖಾಲಿ ಚೀಲ ಒಯ್ಯಿರಿ. ಕಾಳು ಕಡಿ ಗಡಿ ದಾಟಿಸಿದರೆ ತಪಾಸಣೆಯಲ್ಲಿ ತೊಂದರೆ, ತೂಕವೂ ದಂಡ. ಅಕ್ಕಿ, ಅವರೆಯಂಥ ಕಾಳು ನಾರೋಕ್‌ನ ಅಂಗಡಿಯಲ್ಲೋ ಕ್ಯಾಂಪಿನ ಅಡುಗೆಮನೆಯಲ್ಲೋ ಸಿಗುತ್ತವೆ.

ಉಳಿದದ್ದು ಬೇಗ ಹೇಳುತ್ತೇವೆ. ಬ್ಯಾಟರಿ ನಾಲ್ಕು, ಎಲ್ಲವೂ ಕೈಸಾಮಾನಿನಲ್ಲಿ. ಮೂರು ಚೌಕ ಕಡ್ಡಿಯ ಬ್ರಿಟಿಷ್ ಮಾದರಿಯ ಪ್ಲಗ್ ಅಡಾಪ್ಟರ್. ರಾ ಫೈಲ್ (ಕ್ಯಾಮೆರಾದ ಸಂಸ್ಕರಿಸದ ಮೂಲ ಚಿತ್ರ) 30 ಎಂಬಿ ಎಂದುಕೊಂಡರೆ ದಿನಕ್ಕೆ 2000 ಚಿತ್ರ 60 ಜಿಬಿ; ಆರು ದಿನಕ್ಕೆ 360. ಇದರ ಎರಡು ಪಟ್ಟು ಜಾಗ ಹೊಂದಿಸಿ. ಎರಡು ಹತ್ತಿ ದಿಂಬಿನ ಕವರ್, ಕ್ಯಾಮೆರಾಗಳಿಗೆ. ಮಾರಾದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯೋಗದ ಸಾಮಾನು ಬೇರೊಂದಿಲ್ಲ.

ಹೊರಡುವ ಮೊದಲು ಊರಲ್ಲಿ ಎಂಟು ಸಂಜೆ

ನವೆಂಬರ್‌ನಿಂದ ಫೆಬ್ರವರಿವರೆಗೆ, ರಾಶಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಹಿಂಡು ನಿಲ್ಲಿಸುತ್ತಾರೆ. ಸಂಜೆ ಐದೂವರೆಗೆ ಹಿಂಡು ಮರಳುವ ಹೊಲದ ದಾರಿ ನೋಡಿಕೊಳ್ಳಿ. ಮೊದಲ ಕೆಲಸ ಕ್ಯಾಮೆರಾ ತೆಗೆಯುವುದಲ್ಲ, ಕುರಿ ಕಾಯುವವರನ್ನು ಮಾತಾಡಿಸುವುದು. "ಮುತ್ಯಾ, ಕುರಿ ಹಳ್ಳ ಯಾ ಕಡಿಂದ ದಾಟ್ತಾವ್ರಿ?" ಎಂದು ಕೇಳಿದರೆ ಅವರು ಕೈ ಮಾಡಿ ತೋರಿಸುವ ಜಾಗ ಹೆಚ್ಚೂಕಡಿಮೆ ನಿಖರ. ಯಾಕೆ ಅಲ್ಲಿಂದಲೇ ಎಂದೂ ಕೇಳಿ. ಇಳಿಜಾರು ಕಡಿಮೆ, ಕಲ್ಲಿಲ್ಲ, ನೀರು ತೆಳು, ನಿನ್ನೆಯ ಹೆಜ್ಜೆಯ ವಾಸನೆ ಇದೆ. ಮಾರಾದ ಚಾಲಕ ಹೇಳುವುದೂ ಇದೇ ಕಾರಣಗಳನ್ನು.

ಮೊದಲ ಎರಡು ಸಂಜೆ ಸೂರ್ಯ ನಿಮ್ಮ ಎದುರಿಗೆ, ಹಿಂಡು ನಡುವೆ. ಗೋಧೂಳಿ ಎಂದು ಹಿರಿಯರು ಹೆಸರಿಟ್ಟ ಹೊತ್ತು ಇದೇ. ಕ್ಯಾಮೆರಾ ತಾನಾಗಿ ಕೊಡುವ ಎಕ್ಸ್‌ಪೋಷರ್‌ನಲ್ಲಿ ಒಂದು, ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧಕ್ಕೆ) ಕಡಿಮೆ ಮಾಡಿ ಒಂದು, ಎರಡು ಕಡಿಮೆ ಮಾಡಿ ಒಂದು ತೆಗೆದು ನೋಡಿ. ಧೂಳು ಚಿನ್ನದ ಬಣ್ಣ ತಿರುಗಿ, ಕುರಿಯ ಬೆನ್ನಿನ ಅಂಚಷ್ಟೇ ಹೊಳೆಯುವುದು ಒಂದರಿಂದ ಒಂದೂವರೆ ಕಡಿಮೆಯಲ್ಲಿ. ಇನ್ನೂ ಇಳಿಸಿದರೆ ಕಪ್ಪು ಕುರಿಗಳು ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗುತ್ತವೆ. ವಿಲ್ಡೆಬೀಸ್ಟ್‌ದೂ ಇದೇ ಕಷ್ಟ.

ಮೂರನೆಯ, ನಾಲ್ಕನೆಯ ಸಂಜೆ ಸೂರ್ಯ ಬೆನ್ನಿಗೆ. ನಮ್ಮ ಕರಿ ಕುರಿಗಳ ನಡುವೆ ಒಂದೆರಡು ಬಿಳಿ ಮೇಕೆ ಇದ್ದೇ ಇರುತ್ತವೆ. ಕ್ಯಾಮೆರಾ ಕಪ್ಪನ್ನು ನೋಡಿ ಎಕ್ಸ್‌ಪೋಷರ್ ಏರಿಸುತ್ತದೆ, ಬಿಳಿ ಮೇಕೆ ಸುಟ್ಟುಹೋಗುತ್ತದೆ. ಬಿಳಿಗೆ ಹೊಂದಿಸಿ ಕಪ್ಪನ್ನು ಆಮೇಲೆ ಎತ್ತಿಕೊಳ್ಳುವುದನ್ನು ಇಲ್ಲೇ ಕಲಿತರೆ ವಿಲ್ಡೆಬೀಸ್ಟ್ ನಡುವಿನ ಜೀಬ್ರಾ ಹೆದರಿಸುವುದಿಲ್ಲ.

ಆಮೇಲೆ ಪ್ಯಾನಿಂಗ್, ಅಂದರೆ ಓಡುವ ಪ್ರಾಣಿಯ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ತೆಗೆಯುವುದು. ಶಟರ್ 1/60, ಆಮೇಲೆ 1/40, ಆಮೇಲೆ 1/30. ಲೆನ್ಸಿನ ಸ್ಟೆಬಿಲೈಜರ್‌ನಲ್ಲಿ ಪ್ಯಾನಿಂಗ್‌ಗೆಂದು ಬೇರೆ ಮೋಡ್ ಇದ್ದರೆ ಅದನ್ನೇ ಹಾಕಿ. ಸೊಂಟದಿಂದ ತಿರುಗಬೇಕು, ಕೈಯಿಂದಲ್ಲ. ಬಟನ್ ಬಿಟ್ಟ ಮೇಲೂ ಅರ್ಧ ಸೆಕೆಂಡ್ ತಿರುಗುತ್ತಲೇ ಇರಬೇಕು. ನೂರರಲ್ಲಿ ಐದು ಸರಿ ಬಂದರೆ ಸಂತೋಷಪಡಿ. ಬೀದರ್ ಸುತ್ತಿನ ಬಯಲಿನಲ್ಲಿ ಚಿಗರಿ ಕಂಡರೆ ಇದೇ ಅಭ್ಯಾಸ ಇನ್ನೂ ರುಚಿ, ಆದರೆ ಓಡಲಿ ಎಂದು ಬೈಕಿನಲ್ಲಿ ಬೆನ್ನಟ್ಟುವುದು 1972ರ ವನ್ಯಜೀವಿ ಕಾಯ್ದೆಯ ಅಡಿ ಅಪರಾಧ. ಕಾರು ನಿಲ್ಲಿಸಿ ಕೂರಿ, ಅವು ತಾವಾಗಿ ಜಿಗಿಯುತ್ತವೆ.

ಕೊನೆಯ ಪಾಠಕ್ಕೆ ಸುರಪುರ ತಾಲೂಕಿನ ಬೋನಾಳ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಇಲ್ಲಿ ಇಳಿಯುತ್ತವೆ, ಅವೂ ವಲಸಿಗರೇ. ಸಾಲಾಗಿ ಹಾರುವ ನಲವತ್ತು ಹಕ್ಕಿಯಲ್ಲಿ ಫೋಕಸ್ ಯಾವುದರ ಮೇಲೆ? ಕ್ಯಾಮೆರಾಗೆ ಬಿಟ್ಟರೆ ಹತ್ತಿರದ್ದನ್ನೋ ದಪ್ಪನೆಯದನ್ನೋ ಹಿಡಿದು ನಡುವೆ ಜಿಗಿಯುತ್ತಿರುತ್ತದೆ. ಸಣ್ಣ ವಲಯ ಆರಿಸಿ, ಮುಂದಿನ ಹಕ್ಕಿಯ ಮೇಲಿಟ್ಟು ಅಲ್ಲೇ ಉಳಿಯುವುದನ್ನು ಬೆರಳಿಗೆ ರೂಢಿ ಮಾಡಿ. ಫೋಕಸ್ಸನ್ನು ಶಟರ್ ಬಟನ್‌ನಿಂದ ಬಿಡಿಸಿ ಹಿಂಬದಿಯ ಬಟನ್‌ಗೆ ಹಾಕಿಕೊಳ್ಳುವ ಅಭ್ಯಾಸವೂ ಇಲ್ಲೇ ಆಗಲಿ. ಮಾರಾದಲ್ಲಿ ಹೊಸದಾಗಿ ಕಲಿಯಲು ಹೊತ್ತು ಸಿಗದು.

ನದಿಯ ದಡದಲ್ಲಿ

ಹಿಂಡು ದಡದ ಮೇಲೆ ಸೇರುವುದು ಧೂಳಿನ ಕಂಬದಿಂದ ದೂರಕ್ಕೇ ಗೊತ್ತಾಗುತ್ತದೆ. ಸೇರಿತು ಎಂದರೆ ದಾಟಿತು ಎಂದಲ್ಲ. ನಾಲ್ಕು ಗಂಟೆ ನಿಂತು, ಒಂದು ಮೊಸಳೆ ಮಿಸುಕಿದ್ದಕ್ಕೋ ಪೊದೆಯಲ್ಲಿ ಸಿಂಹದ ವಾಸನೆ ಬಂದದ್ದಕ್ಕೋ ಒಂದು ಜೀಪ್ ತುಸು ಮುಂದೆ ಬಂದದ್ದಕ್ಕೋ ಪೂರ್ತಿ ಹಿಂಡು ತಿರುಗಿ ಹೋಗುತ್ತದೆ. ದಾಟುವ ಲಕ್ಷಣಗಳು ಬೇರೆ. ಚದುರಿ ಮೇಯುತ್ತಿದ್ದವು ಸಾಲು ಹಿಡಿಯುತ್ತವೆ. ಗುರುಗುಟ್ಟುವ ಸದ್ದು ಏರುತ್ತದೆ. ಜೀಬ್ರಾಗಳು ಇಳಿದು ನೀರು ಮೂಸಿ ಹಿಂದೆ ಸರಿಯುತ್ತವೆ, ಮತ್ತೆ ಇಳಿಯುತ್ತವೆ. ಹಿಂದಿನಿಂದ ಬರುವವು ಮುಂದಿನವನ್ನು ತಳ್ಳತೊಡಗಿದರೆ ಇನ್ನು ಕೈ ಕ್ಯಾಮೆರಾದ ಮೇಲಿರಲಿ.

ಯಾವ ದಡ ಎಂಬುದನ್ನು ಬೆಳಿಗ್ಗೆ ಕ್ಯಾಂಪ್ ಬಿಡುವಾಗಲೇ ತೀರ್ಮಾನಿಸಬೇಕು. ಮಾರಾ ನದಿಯ ಪಶ್ಚಿಮಕ್ಕೆ ಮಾರಾ ಟ್ರಯಾಂಗಲ್, ಪೂರ್ವಕ್ಕೆ ಉಳಿದ ಮೀಸಲು ಪ್ರದೇಶ. ನಡುವಿನ ಸೇತುವೆ ದಕ್ಷಿಣದ ತುದಿಯಲ್ಲಿ, ತಾಂಜಾನಿಯಾ ಗಡಿಯ ಸಮೀಪ. ಹಿಂಡು ಇಳಿಯತೊಡಗಿದ ಮೇಲೆ "ಆ ಕಡೆ ಹೋಗೋಣ" ಎಂದರೆ ನೀವು ಮುಟ್ಟುವ ಹೊತ್ತಿಗೆ ಕೆಸರು ಮಾತ್ರ ಉಳಿದಿರುತ್ತದೆ. ನದಿ ಒಟ್ಟಾರೆ ಉತ್ತರದಿಂದ ದಕ್ಷಿಣಕ್ಕೆ ಹರಿಯುವುದರಿಂದ, ಪೂರ್ವ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡುವವರಿಗೆ ಬೆಳಗಿನ ಬೆಳಕು ಬೆನ್ನಿಗೆ ಬರುತ್ತದೆ. ಪಶ್ಚಿಮ ದಡದವರಿಗೆ ಮಧ್ಯಾಹ್ನದ ನಂತರದ್ದು. ನದಿಗೆ ತಿರುವುಗಳು ಬಹಳ, ಪ್ರತಿ ದಾಟುವ ಜಾಗವನ್ನೂ ಫೋನಿನ ದಿಕ್ಸೂಚಿ ಹಿಡಿದು ನೋಡಿಕೊಳ್ಳಿ.

ಹಿಂಡು ಇಳಿಯುವ ಕಡೆ ನಿಂತರೆ ಬೆನ್ನು, ಧೂಳು, ಒಂದೆರಡು ಜಿಗಿತ. ಹತ್ತುವ ಕಡೆ ನಿಂತರೆ ಮುಖ, ಕಣ್ಣು, ಚಿಮ್ಮುವ ನೀರು, ಕೆಸರಿನಲ್ಲಿ ಮೊಣಕಾಲೂರಿ ಏಳುವ ಕರು. ಚಿತ್ರ ಇರುವುದು ಇಲ್ಲಿ. ಆದರೆ ಹತ್ತುವ ಬಾಯಿಗೆ ನೇರ ಎದುರು ಜೀಪ್ ನಿಲ್ಲಿಸಬಾರದು, ಪಕ್ಕಕ್ಕೆ ಸರಿದು 30ರಿಂದ 45 ಡಿಗ್ರಿ ಓರೆಯಲ್ಲಿರಬೇಕು. ಚಿತ್ರಕ್ಕೂ ಅದೇ ಒಳ್ಳೆಯದು, ಸಾಲು ಉದ್ದಕ್ಕೆ ಬಿಚ್ಚಿ ಕಾಣುತ್ತದೆ. ಪ್ರಾಣಿಗಳಿಗಂತೂ ಪ್ರಾಣದ ಪ್ರಶ್ನೆ. ಹೊರಬರುವ ದಾರಿ ಕಟ್ಟಿದರೆ ಮುಂದಿನವು ನೀರಿಗೇ ತಿರುಗುತ್ತವೆ, ಹಿಂದಿನವು ಬಂದು ಬೀಳುತ್ತವೆ, ತುಳಿತದಲ್ಲಿ ಮುಳುಗುತ್ತವೆ. ಯಾವ ಅಡ್ಡಿ ಇಲ್ಲದೆಯೂ ಮುಳುಗುವವು ಕಡಿಮೆಯಲ್ಲ: 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಾರಾ ನದಿಯಲ್ಲಿ ಹೀಗೆ ಸಾಯುವವು ವರ್ಷಕ್ಕೆ ಸರಾಸರಿ 6,250 ಎಂದು ಲೆಕ್ಕ ಹಾಕಿತ್ತು. ಅದಕ್ಕೆ ನಮ್ಮ ಜೀಪ್ ಇನ್ನಷ್ಟು ಸೇರಿಸಬೇಕಿಲ್ಲ.

ಹಿಂಡು ಇಳಿಯುವವರೆಗೆ ದಡದಿಂದ ದೂರ, ಎಂಜಿನ್ ಆರಿಸಿ, ಮಾತಿಲ್ಲದೆ ಕಾಯುವುದು. ಸಾಲು ಕಡಿಯದೆ ಹರಿಯತೊಡಗಿದ ಮೇಲೆ ನಿಧಾನ ಮುಂದೆ ಹೋಗುವುದು, ಅದೂ ಸಾಲನ್ನು ಅಡ್ಡ ಕತ್ತರಿಸದೆ. ಚಾಲಕನಿಗೆ ಮೊದಲ ದಿನವೇ ಹೇಳಿಬಿಡಿ: ನಮಗೆ ಹತ್ತಿರ ಬೇಡ, ಬೆಳಕು ಮತ್ತು ಓರೆ ಬೇಕು. ಹೆಚ್ಚಿನ ಪ್ರವಾಸಿಗರು ಹತ್ತಿರ ಹತ್ತಿರ ಎಂದು ಪೀಡಿಸುವುದರಿಂದ ಅವನು ಅದನ್ನೇ ಬಯಕೆ ಎಂದುಕೊಂಡಿರುತ್ತಾನೆ. ಸ್ವಾಹಿಲಿಯ ಮೂರು ಮಾತು ಕೈಗೆ ಬರುತ್ತವೆ: ಸಿಮಾಮ ಎಂದರೆ ನಿಲ್ಲು, ಪೋಲೆ ಪೋಲೆ ಎಂದರೆ ಮೆಲ್ಲಗೆ, ಆಸಾಂತೆ ಎಂದರೆ ಧನ್ಯವಾದ. ಜೀಪಿನೊಳಗೂ ಒಪ್ಪಂದ ಬೇಕು. ಯಾರು ಮೇಲಿನ ತೆರಪಿನಲ್ಲಿ, ಯಾರು ಕಿಟಕಿಯಲ್ಲಿ ಎಂಬುದು ಮೊದಲೇ ಗೊತ್ತಾಗಲಿ. ಒಬ್ಬರು ಕಾಲು ಬದಲಿಸಿದರೆ ಉಳಿದ ಐವರ ಚಿತ್ರ ಅಲುಗುತ್ತದೆ.

ದಾಟುವಿಕೆ ಹತ್ತು ನಿಮಿಷಕ್ಕೂ ಮುಗಿಯಬಹುದು, ಗಂಟೆಗೂ ಮೀರಬಹುದು. ಇಲ್ಲಿ ಎಲ್ಲರೂ ಮಾಡುವ ತಪ್ಪು, ಮೊದಲ ಪ್ರಾಣಿ ನೀರಿಗೆ ಬಿದ್ದ ಕೂಡಲೇ ಬೆರಳು ಒತ್ತಿ ಹಿಡಿಯುವುದು. ಸೆಕೆಂಡಿಗೆ 20ರಂತೆ 30 ಎಂಬಿಯ ಫೈಲ್ ಎಂದರೆ ಸೆಕೆಂಡಿಗೆ 600 ಎಂಬಿ, ಸಾಮಾನ್ಯ ಎಸ್‌ಡಿ ಕಾರ್ಡ್ ಅದರ ಅರ್ಧವನ್ನೂ ಬರೆಯಲಾರದು. ಬಫರ್ (ಕಾರ್ಡಿಗೆ ಬರೆಯುವ ಮುಂಚೆ ಚಿತ್ರ ಹಿಡಿದಿಡುವ ಕ್ಯಾಮೆರಾದ ಒಳಜಾಗ) 100 ಚಿತ್ರದ್ದಾದರೆ ಹತ್ತು ಸೆಕೆಂಡಿನೊಳಗೆ ತುಂಬಿ ಕ್ಯಾಮೆರಾ ಗಂಟಲು ಕಟ್ಟುತ್ತದೆ, ಸರಿಯಾಗಿ ಆಗಲೇ ಮೊಸಳೆ ಏಳುತ್ತದೆ. ಸೆಕೆಂಡಿಗೆ 8 ಅಥವಾ 10ಕ್ಕೆ ಇಳಿಸಿ, ಒಂದೊಂದು ಸೆಕೆಂಡಿನ ತುಣುಕಾಗಿ ಒತ್ತಿ. ನಡುನಡುವೆ ಕಣ್ಣು ವ್ಯೂಫೈಂಡರ್ ಬಿಟ್ಟು ನದಿಯನ್ನು ಪೂರ್ತಿ ನೋಡಲಿ.

ತೆಗೆಯುವ ಸರದಿ ಹೀಗಿರಲಿ. ಕಾಯುವ ಹೊತ್ತಿನಲ್ಲೇ ಅಗಲ ಲೆನ್ಸಿನಲ್ಲಿ ಹಿಂಡು, ದಡ, ಆಕಾಶ. ಆಮೇಲೆ ದಡದ ತುಟಿಗೆ ಫೋಕಸ್ ಇಟ್ಟು ಮೊದಲ ಜಿಗಿತಗಳು. ನಂತರ ನಡುನೀರಿನ ತಲೆಗಳ ಸಾಲು. ಇದು ಚಂದ ಕಂಡರೂ ಐದು ನಿಮಿಷದಲ್ಲಿ ಒಂದೇ ಥರ ಎನಿಸುತ್ತದೆ, ಹೆಚ್ಚು ಕಾರ್ಡ್ ಸುಡಬೇಡಿ. ಹೆಚ್ಚು ಹೊತ್ತು ಹತ್ತುವ ಕಡೆಗೆ ಕೊಡಿ. ಎಲ್ಲ ಜೀಪ್ ಹೊರಟ ಮೇಲೆ ಕಾಲು ಗಂಟೆ ಅಲ್ಲೇ ಇರಿ: ತಾಯಿಯನ್ನು ಕೂಗುತ್ತ ದಡದಲ್ಲಿ ಓಡಾಡುವ ಕರು, ಇಳಿಯುವ ರಣಹದ್ದು, ಮರಾಬೂ ಕೊಕ್ಕರೆ. ಆ ಚಿತ್ರಗಳು ಬಹಳ ಜನರ ಬಳಿ ಇರುವುದಿಲ್ಲ.

ಕ್ಯಾಮೆರಾದಲ್ಲಿ ಏನು ಹಾಕಿರಬೇಕು

ಮ್ಯಾನ್ಯುವಲ್ ಮೋಡ್, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) ಮಾತ್ರ ಆಟೊ, ಮಿತಿ 6400. ಇದೇ ಬುನಾದಿ. ಉಳಿದದ್ದು ದೃಶ್ಯಕ್ಕೆ ತಕ್ಕಂತೆ:

ಜಿಗಿತ ಮತ್ತು ಚಿಮ್ಮುವ ನೀರಿಗೆ 1/2000ರಿಂದ 1/2500, ಎಫ್ 5.6ರಿಂದ 8.
ಈಜುವ ಸಾಲಿಗೆ 1/1000 ಸಾಕು, ಎಫ್ 8.
ಎದುರು ಬೆಳಕಿನ ಧೂಳಿಗೆ 1/1000, ಎಕ್ಸ್‌ಪೋಷರ್ ಒಂದರಿಂದ ಒಂದೂವರೆ ಸ್ಟಾಪ್ ಕಡಿಮೆ.
ಫ್ರೇಮ್ ತುಂಬ ವಿಲ್ಡೆಬೀಸ್ಟ್ ಅಥವಾ ಕಪ್ಪು ನಡುವೆ ಜೀಬ್ರಾ ಇದ್ದರೆ ಮೂರನೇ ಎರಡು ಸ್ಟಾಪ್ ಕಡಿಮೆ.
ಪ್ಯಾನಿಂಗ್‌ಗೆ 1/30ರಿಂದ 1/60, ಆಟೊ ಐಎಸ್‌ಒ ತೆಗೆದು 100ಕ್ಕೆ ಕಟ್ಟಿ, ಎಫ್ 11 ಅಥವಾ 16.

ದಪ್ಪ ಧೂಳಿನಲ್ಲಿ ಫೋಕಸ್ ಹಿಂದೆ ಮುಂದೆ ಓಡುವುದು ಕ್ಯಾಮೆರಾದ ದೋಷವಲ್ಲ, ಹಿಡಿಯಲು ಅಲ್ಲಿ ಕಪ್ಪು ಬಿಳಿಯ ವ್ಯತ್ಯಾಸವೇ ಇರುವುದಿಲ್ಲ. ಪ್ರಾಣಿಯ ಕಣ್ಣು ಗುರುತಿಸುವ ಸೌಲಭ್ಯ ಒಂಟಿ ಪ್ರಾಣಿಗೆ ಅದ್ಭುತ, ಹಿಂಡಿನಲ್ಲಿ ಸೆಕೆಂಡಿಗೊಂದು ಕಣ್ಣಿಗೆ ನೆಗೆಯುತ್ತದೆ. ಸಣ್ಣ ವಲಯಕ್ಕೆ ಸೀಮಿತಗೊಳಿಸಿ, ಹಿಡಿದ ಗುರಿಯನ್ನು ತಡವಾಗಿ ಬಿಡುವಂತೆ ಟ್ರ್ಯಾಕಿಂಗ್ ಹೊಂದಿಸಿ. ಇಲ್ಲದಿದ್ದರೆ ಚಿಮ್ಮಿದ ಪ್ರತಿ ನೀರಹನಿಗೂ ಫೋಕಸ್ ಓಡುತ್ತದೆ.

ಬಿಸಿಲ್ಗುದುರೆ

ಮಾರಾ ಭೂಮಧ್ಯರೇಖೆಗೆ ಸಮೀಪ, ಸೂರ್ಯ ನೆಟ್ಟಗೆ ಏರುತ್ತಾನೆ. ಆರೂವರೆಗೆ ಹುಟ್ಟಿ, ಎಂಟಕ್ಕೇ ಬೆಳಕು ಬಿಳಿಚಿಕೊಳ್ಳುತ್ತದೆ. ಒಂಬತ್ತೂವರೆಯ ಮೇಲೆ ನೆಲ ಕಾದು ಗಾಳಿ ನಡುಗತೊಡಗಿದರೆ 300 ಮೀಟರ್ ಆಚೆಯ ಪ್ರಾಣಿಯ ಅಂಚು ಕಲಸಿದಂತೆ ಬರುತ್ತದೆ. ಲೆನ್ಸ್ ಕೆಟ್ಟಿತೆಂದು ಕೆಲವರು ಅಲ್ಲೇ ಗಾಬರಿಯಾಗುತ್ತಾರೆ. ಶಟರ್ ಏರಿಸಿದರೂ, ಕಂಪ್ಯೂಟರಿನಲ್ಲಿ ಎಷ್ಟು ಚೂಪು ಮಾಡಿದರೂ ಅದು ಸರಿಹೋಗದು. ಏಪ್ರಿಲ್‌ನಲ್ಲಿ ಕಲಬುರಗಿಯ ಹೊರಗಿನ ಡಾಂಬರು ರಸ್ತೆಯ ಪಕ್ಕ ನಿಂತು, ಹನ್ನೊಂದು ಗಂಟೆಗೆ 50, 100, 300 ಮೀಟರ್ ದೂರದ ಬೋರ್ಡುಗಳನ್ನು 400 ಎಂಎಂನಲ್ಲಿ ತೆಗೆದು ನೋಡಿ, ಯಾವ ದೂರದವರೆಗೆ ನಂಬಬಹುದು ಎಂದು ಕಣ್ಣಿಗೆ ಕಟ್ಟುತ್ತದೆ. ಮಧ್ಯಾಹ್ನ ನದಿ ದಾಟಿದರೆ ಬಿಡಬೇಡಿ, ಹತ್ತಿರದ ಪ್ರಾಣಿಗಳನ್ನಷ್ಟೇ ತೆಗೆಯಿರಿ, ಆಕಾಶ ಬಿಟ್ಟು ನೀರಿನ ಹೊಳಪು ತುಂಬಿಸಿ, ಕಪ್ಪು ಬಿಳುಪಿಗೆ ಯೋಚಿಸಿ. ಓಡಿ ಬಿಸಿಯಾದ ಜೀಪಿನ ಎಂಜಿನ್ ಮುಚ್ಚಳದ ಮೇಲಿಂದ ಲೆನ್ಸ್ ಹಾಯಿಸಿದರೂ ಇದೇ ನಡುಕ ಬರುತ್ತದೆ, ಬೆಳಿಗ್ಗೆ ಆರಕ್ಕೂ.

ಮಧ್ಯಾಹ್ನದ ಮೇಲೆ ಆಗಸ್ಟ್‌ನಲ್ಲೂ ಮಳೆ ಬೀಳುತ್ತದೆ. ಮಾರಾದ ಹಲವು ಕಡೆ ಇರುವುದು ನಮ್ಮದೇ ಎರೆ ಮಣ್ಣು. ನೆನೆದರೆ ಗಾಲಿ ಹಿಡಿದು ಕೂರಿಸುತ್ತದೆ. ಚಾಲಕ "ಆ ಕಡೆ ಬೇಡ" ಎಂದರೆ ಯಾದಗಿರಿಯ ಹೊಲದಲ್ಲಿ ಟ್ರ್ಯಾಕ್ಟರ್ ಹೂತದ್ದು ನೋಡಿದವರು ವಾದ ಮಾಡುವುದಿಲ್ಲ. ಮಳೆ ನಿಂತ ಮೇಲಿನ ಅರ್ಧ ಗಂಟೆ ಮಾತ್ರ ಬಂಗಾರ: ಧೂಳಿಲ್ಲ, ನಡುಗುವ ಗಾಳಿಯಿಲ್ಲ, ಹಿಂದೆ ಕಪ್ಪು ಮೋಡ.

ಎನ್ದುಟುಗೆ ಹೋಗುವವರಿಗೆ

ಫೆಬ್ರವರಿಯ ಕರು ಹಾಕುವ ಕಾಲ ಬೇರೆಯದೇ ಕೆಲಸ, ನೆಲಮಟ್ಟದ ತಾಳ್ಮೆಯದು. ಎನ್ಗೊರೊಂಗೊರೊ ಸಂರಕ್ಷಣಾ ಪ್ರದೇಶಕ್ಕೆ ಸೇರಿದ ಬಯಲಿನಲ್ಲಿ ದಾರಿ ಬಿಟ್ಟು ಹೋಗಲು ಅವಕಾಶವಿದೆ, ಪಕ್ಕದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದಲ್ಲಿ ಇಲ್ಲ. ಗಡಿ ಕಣ್ಣಿಗೆ ಕಾಣುವುದಿಲ್ಲ, ಚಾಲಕನಿಗೆ ಬಿಡಿ. ಹುಟ್ಟಿದ ಕರು ಹತ್ತು ನಿಮಿಷದ ಆಸುಪಾಸಿನಲ್ಲಿ ಎದ್ದು ನಿಲ್ಲುತ್ತದೆ. ತಾಯಿ ಮಲಗಿ ಎದ್ದು ಸುತ್ತುತ್ತಿದ್ದರೆ ದೂರದಲ್ಲೇ ಎಂಜಿನ್ ಆರಿಸಿ, 400-600 ಎಂಎಂ ಇಲ್ಲಿ ಬೇಕು. ತಾಯಿ ತಪ್ಪಿದ ಎಳೆಗರು ಚಲಿಸುವ ಯಾವುದನ್ನಾದರೂ ಹಿಂಬಾಲಿಸುತ್ತದೆ, ಜೀಪನ್ನೂ. ಹಾಗೆ ಬಂದರೆ ಗಾಡಿ ನಿಂತಲ್ಲೇ ನಿಲ್ಲಬೇಕು, ಹಿಂಡು ಹತ್ತಿರ ಬರುವವರೆಗೆ.

ರಾತ್ರಿ ಕ್ಯಾಂಪಿನಲ್ಲಿ

ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಇದಕ್ಕೆ ಕೊಡಿ. ಕ್ಯಾಮೆರಾವನ್ನು ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಮೆತ್ತನೆಯ ಬ್ರಶ್, ಕೊನೆಗೆ ತುಸು ಒದ್ದೆ ಬಟ್ಟೆ. ಈ ಸರದಿ ತಿರುವುಮುರುವಾದರೆ ಧೂಳೇ ಮರಳುಕಾಗದವಾಗಿ ಗಾಜು ಗೀಚುತ್ತದೆ. ಜೂಮ್ ಉಂಗುರವನ್ನು ಊದುವ ಮುಂಚೆ ತಿರುಗಿಸಬೇಡಿ. ಕಾರ್ಡ್‌ಗಳನ್ನು ಎರಡು ಡಿಸ್ಕಿಗೆ ಇಳಿಸಿ, ಒಂದು ಡಿಸ್ಕ್ ನಿಮ್ಮ ಬ್ಯಾಗಿನಲ್ಲಿ, ಇನ್ನೊಂದು ಜೊತೆಗಾರರ ಬ್ಯಾಗಿನಲ್ಲಿ. ಕೆಲವು ಕ್ಯಾಂಪ್‌ಗಳಲ್ಲಿ ಕರೆಂಟು ಜನರೇಟರ್ ಓಡುವ ಹೊತ್ತಿಗೆ ಮಾತ್ರ, ಮೊದಲು ಬ್ಯಾಟರಿ ಹಾಕಿ, ಆಮೇಲೆ ಫೋನು. ಅಳಿಸುವ ಕೆಲಸ ಅಲ್ಲಿ ಬೇಡವೇ ಬೇಡ, ದಣಿದ ಕಣ್ಣು ಒಳ್ಳೆಯದನ್ನೇ ಅಳಿಸುತ್ತದೆ.

ಹೊರಡುವ ದಿನ ಬೀನ್‌ಬ್ಯಾಗಿನ ಕಾಳನ್ನು ಅಡುಗೆಮನೆಗೆ ಕೊಟ್ಟುಬಿಡಿ. ಚೀಲವನ್ನು ಒಳಮಗ್ಗುಲು ತಿರುವಿ, ಹೊಲಿಗೆಯ ಮೂಲೆಗಳನ್ನು ಬೆರಳಿನಿಂದ ಕೆದಕಿ ಝಾಡಿಸಿ. ಮೂಲೆಯಲ್ಲಿ ಉಳಿದ ನಾಲ್ಕು ಕಾಳಿಗಾಗಿ ವಿಮಾನ ನಿಲ್ದಾಣದಲ್ಲಿ ಇಡೀ ಕ್ಯಾಮೆರಾ ಬ್ಯಾಗ್ ಬಿಚ್ಚಿಸುವುದುಂಟು.